ಯಾರೂ ಅಲ್ಲದ ಚಂದ್ರಶೇಖರ

ವಿಡಿಯೋ ಹಾಕಿದವನು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮುಂದೆ ನಾನು ಮಂದಿಯ ಮೇಲೆ, ಬಂಧುಬಳಗದ ಮೇಲೆ, ಮೊಬೈಲಿನೊಳಗೆ ಮುಖವಿಲ್ಲದೆ ಕುಳಿತ ಕಂಪನಿಯ ಮೇಲೆ ಸಿಟ್ಟಾಗುವವನಿದ್ದೇನೆ. ಆಗ ನಿಮ್ಮಲ್ಲಿ ಯಾರಾದರೂ ‘ಅಲ್ಲಪಾ, ಮೊದಲು ಹಾಕಿದಾಂವ ಯಾರು’ ಎಂದು ಕೇಳುವುದು ಖಾತ್ರಿ. ನಾನು. ಈರಣ್ಣ. ಮುನವಳ್ಳಿಗೆ ಬಂದು ‘ನಕಲಿ ಈರ್ಯಾನ ಮನಿ ಯಾವುದು’ ಎಂದರೆ ನಾಯಿಗಳೂ ದಾರಿ ತೋರಿಸುತ್ತವೆ. ಅವುಗಳ ನಕಲನ್ನೂ ಮಾಡುತ್ತೇನೆ, ಆ ಸಲಿಗೆಯಿಂದ.

ಮೊನ್ನೆ ಹೂಲಿಗೆ ಹೋಗಿದ್ದೆ. ಕಾಕಾನ ಹೊಲದಲ್ಲಿ ಸೀತನಿ ಸುಡುತ್ತಿದ್ದರು. ಜೋಳದ ಕಾಳು ಹಾಲು ಬಿಟ್ಟು ಗಟ್ಟಿಯಾಗುವ ಮುನ್ನ ತೆನೆ ಮುರಿದು, ಸಗಣಿ ಕುಳ್ಳಿನ ಕೆಂಡದಲ್ಲಿ ಹುಗಿದು, ಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿ ಕಾಳು ಬಿಡಿಸುವುದು. ಹಸಿ ಜೋಳ ಸುಟ್ಟ ಆ ವಾಸನೆ ಮೂಗಿಗೆ ಬಡಿದದ್ದೇ, ಮೂರು ವರ್ಷದ ಹಿಂದಿನ ಚಳಿಗಾಲ ಪೂರ್ತಿ ಎದ್ದು ಬಂತು. ಆ ವರ್ಷ ಸೀತನಿಯಿಂದ ಹಿಡಿದು ಜೋಳ ಕೊಯ್ಯುವವರೆಗೆ ನಮ್ಮ ಮನೆತನದ ಮುಂದೆ ಇದ್ದದ್ದು ಒಂದೇ ಪ್ರಶ್ನೆ: ಕಾಕಾನ ಮಗಳು ಭಾಗ್ಯಾ ಹತ್ತನೆಯ ಪರೀಕ್ಷೆಗೆ ಕೂರುತ್ತಾಳೋ ಇಲ್ಲವೋ. ಅವಳು ಗಣಿತದಲ್ಲಿ ಹಿಂದಿದ್ದಳು ಅಂತ ಈ ಪ್ರಶ್ನೆ ಬಂದದ್ದಲ್ಲ. ನಾನು ಮೊಬೈಲಿನಲ್ಲಿ ಮುಂದಿದ್ದೆ, ಅದಕ್ಕೆ.

ಆಗ ನಾನು ಸವದತ್ತಿಯಲ್ಲಿ ಡಿಗ್ರಿ ಎರಡನೆಯ ವರ್ಷ ಓದುತ್ತಿದ್ದೆ, ಅಂದರೆ ಹಾಗೆಂದು ಮನೆಯಲ್ಲಿ ಹೇಳಿದ್ದೆ. ಮಾಡುತ್ತಿದ್ದದ್ದು ವಿಡಿಯೋ. ‘ಮುಂದ ಹೋಗ್ರಿ, ಮುಂದ ಜಾಗಾ ಐತಿ’ ಎನ್ನುವ ಕಂಡಕ್ಟರು, ಹಾಜರಿ ಕರೆಯುವಾಗ ಅರ್ಧ ನಿದ್ದೆಗೆ ಜಾರುವ ನಮ್ಮ ಪ್ರಿನ್ಸಿಪಾಲರು, ಮೋಟಾರಿನ ತಂತಿ ಸುತ್ತುತ್ತ ಲೆಕ್ಕ ತಪ್ಪಬಾರದೆಂದು ಮಾತಿನ ನಡುವೆಯೂ ‘ನಲವತ್ತೇಳು, ನಲವತ್ತೆಂಟು’ ಅನ್ನುವ ನನ್ನ ಶಿವಪ್ಪ ಕಾಕಾ, ಎಲ್ಲರೂ ನನ್ನ ಬಾಯಲ್ಲಿ ಬಾಡಿಗೆಗಿದ್ದರು. ಕಾಕಾ ಸವದತ್ತಿ ರಸ್ತೆಯಲ್ಲಿ ಸುಟ್ಟ ಪಂಪುಸೆಟ್ಟು ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿ ಇಟ್ಟವನು. ಕಾಕಾನ ವಿಡಿಯೋ ಓಡಿತ್ತು. ಮೂರ್ನಾಲ್ಕು ಸಾವಿರ ಮಂದಿ ನನ್ನನ್ನು ಹಿಂಬಾಲಿಸುತ್ತಿದ್ದರು. ಹಿಂದಿರುಗಿ ನೋಡಿದರೆ ಒಬ್ಬನೂ ಕಾಣುತ್ತಿರಲಿಲ್ಲ, ಆದರೂ ಎದೆ ಉಬ್ಬಿಸಿಯೇ ನಡೆಯುತ್ತಿದ್ದೆ.

ಡಿಸೆಂಬರಿನಲ್ಲಿ ನಮ್ಮ ಮನೆಯಲ್ಲಿ ಬಸುರಿ ಅಕ್ಕನ ಕುಬಸ, ಅಂದರೆ ಸೀಮಂತ. ಹೂಲಿಯಿಂದ ಕಾಕಾ, ಅವನ ಹೆಂಡತಿ ಚಿಗವ್ವ, ಆಯಿ ಬಂದರು, ಸವದತ್ತಿಯ ಸಾಲಿಯಿಂದ ಭಾಗ್ಯಾ. ಆಯಿ ಎಂದರೆ ನಮ್ಮಪ್ಪನ, ಕಾಕಾನ ತಾಯಿ. ಒಡಪು ಹೇಳುವುದರಲ್ಲಿ ಆಯಿಯನ್ನು ಮೀರಿಸಿದವರು ಸುತ್ತ ಹತ್ತು ಹಳ್ಳಿಯಲ್ಲಿ ಇಲ್ಲ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮದುವೆ, ಕುಬಸದಂಥ ಕಾರ್ಯದಲ್ಲಿ ಎಲ್ಲರೂ ಗಂಟುಬಿದ್ದಾಗ ಎರಡು ಸಾಲಿನ ಪದ ಕಟ್ಟಿ ಅದರೊಳಗೆ ಹೆಸರನ್ನು ಸೇರಿಸಿ ಹೇಳುತ್ತಾರೆ. ಮದುವೆಯಾಗದ ಹುಡುಗಿಯರೂ ಸಿಕ್ಕಿಬಿದ್ದರೆ ಬಿಡುವುದಿಲ್ಲ. ಅವರು ಒಂದು ಸುಳ್ಳು ಹೆಸರು ಹಾಕಿ ಹೇಳಬೇಕು. ಅದಕ್ಕೆ ಆಯಿಯದೊಂದು ಕಟ್ಟುನಿಟ್ಟಾದ ನಿಯಮ ಇತ್ತು. ಹಾಕುವ ಹೆಸರು ಊರಿನಲ್ಲಿ, ಬಳಗದಲ್ಲಿ ಯಾರಿಗೂ ಇರಬಾರದು. ಇದ್ದರೆ ಆ ಹುಡುಗನ ಕಿವಿಗೆ ಬೀಳುತ್ತದೆ, ಅವನು ಮೀಸೆ ತಿರುವುತ್ತಾನೆ, ಇಲ್ಲದ ಉಸಾಬರಿ. ಇನ್ನೊಂದು ನಿಯಮ, ಒಡಪು ಶುರುವಾದರೆ ಕೋಣೆಯಲ್ಲಿ ಗಂಡಸರಿರಬಾರದು.

ಆಯಿ ನಮ್ಮನ್ನೆಲ್ಲ ಹೊರಗೆ ಅಟ್ಟಿದಳು. ನಾನು ಅಕ್ಕನ ಫೋಟೋ ತೆಗೆಯಬೇಕು ಎಂದು ನೆಪ ಹೇಳಿ ಬಾಗಿಲ ಸಂದಿಯಲ್ಲಿ ಉಳಿದೆ. ಒಬ್ಬ ಮೊಮ್ಮಗ ನಿಂತರೆ ಏನಾದೀತು ಎಂದು ಆಯಿ ಸುಮ್ಮನಾದಳು. ನನ್ನ ಕೈಯಲ್ಲಿ ಇಡೀ ರಾಜ್ಯದ ಗಂಡಸರು ಸಾಲುಗಟ್ಟಿ ನಿಂತಿದ್ದಾರೆ ಎಂದು ಆ ಮುದುಕಿಗೆ ಹೇಗೆ ಗೊತ್ತಾಗಬೇಕು. ನನಗೇ ಗೊತ್ತಾಗಿರಲಿಲ್ಲ.

ಭಾಗ್ಯಾ ಸಮವಸ್ತ್ರದಲ್ಲೇ ನೇರ ಬಂದಿದ್ದಳು. ಎರಡು ಜಡೆಗೆ ಅಕ್ಕ ಮಲ್ಲಿಗೆ ಮುಡಿಸಿದ್ದಳು. ಹೆಂಗಸರು ಅವಳನ್ನು ನಡುವೆ ನಿಲ್ಲಿಸಿದರು. ಅವಳು ಆಯಿಯ ಮುಖ ನೋಡಿದಳು, ಚಾವಣಿ ನೋಡಿದಳು, ಆಮೇಲೆ ಒಂದೇ ಉಸಿರಿಗೆ:

“ಹಿತ್ತಲದಾಗ ಹೀರಿಬಳ್ಳಿ, ಅಂಗಳದಾಗ ಅವರಿ,
ಚಂದ್ರಶೇಖರ ಅವರಿಗೆ ಗಣಿತ ಬರೂದಿಲ್ಲ, ದಿನಾ ನಾನ ಬರೀತೇನ್ರಿ.”

ಕೋಣೆ ನಕ್ಕು ನಕ್ಕು ಹೊರಳಾಡಿತು. ಗಣಿತದಲ್ಲಿ ಸ್ವತಃ ಮೂವತ್ತೈದಕ್ಕೆ ಮೂಗು ಹಿಡಿದು ಪಾಸಾಗುವ ಹುಡುಗಿ, ಇಲ್ಲದ ಗಂಡನ ಹೋಮ್‌ವರ್ಕು ಮಾಡಿಕೊಡುತ್ತಾಳಂತೆ. ಹೂಲಿಯಲ್ಲಿ ಚಂದ್ರಶೇಖರ ಎಂಬವನು ಒಬ್ಬನೂ ಇಲ್ಲ, ಬಳಗದಲ್ಲೂ ಇಲ್ಲ. ಆಯಿಯ ನಿಯಮಕ್ಕೆ ಚಾಚೂ ತಪ್ಪಿರಲಿಲ್ಲ. ಭಾಗ್ಯಾ ನನ್ನ ಕೈಯಲ್ಲಿದ್ದ ಮೊಬೈಲು ಕಂಡು, “ಹಾಕಬ್ಯಾಡೋ ಅಣ್ಣಾ” ಅಂದಳು. ಅನ್ನುವಾಗ ನಗುತ್ತಿದ್ದಳು. ನಕ್ಕಳಲ್ಲ, ಹಾಕು ಎಂದೇ ಅರ್ಥ ಎಂದು ನಾನು ತೀರ್ಮಾನಿಸಿಬಿಟ್ಟೆ. ಈಗಲೂ ಈ ಜಾಗಕ್ಕೆ ಬಂದರೆ ನನ್ನ ಕಪಾಳಕ್ಕೆ ನಾನೇ ಕೊಡಬೇಕೆನಿಸುತ್ತದೆ. ಇಡೀ ಊರಿನ ಮಾತನ್ನು ಅಕ್ಷರ ಬಿಡದೆ ಒಪ್ಪಿಸುವವನಿಗೆ ಆ ಒಂದು ‘ಬ್ಯಾಡ’ ಕೇಳಿಸಲಿಲ್ಲ.

ಹಾಕಿದೆ. ಅಷ್ಟೇ ಆಗಿದ್ದರೆ ನನ್ನನ್ನು ಪೆದ್ದ ಎಂದು ಬಿಟ್ಟುಬಿಡಬಹುದಿತ್ತು. ‘ಯಾವ ಊರು ಈ ಹುಡುಗಿ’ ಎಂದು ಯಾರೋ ಕೇಳಿದರು. ಸವದತ್ತಿ ತಾಲೂಕು ಹೂಲಿ ಎಂದು ಅಭಿಮಾನದಿಂದ ಬರೆದೆ. ‘ಯಾವ ಸಾಲಿ’ ಎಂದರು. ಹೆಸರು ಬರೆದೆ. ‘ಹೂಲಿಯಿಂದ ಅಷ್ಟು ದೂರ ದಿನಾ ಹೆಂಗ ಬರತಾಳ ಪಾಪ’ ಎಂದು ಇನ್ನೊಬ್ಬ ಕಳಕಳಿ ತೋರಿದ. ಏಳೂವರೆ ಬಸ್ಸು ಎಂದು ಅದನ್ನೂ ಬರೆದೆ, ಜೊತೆಗೊಂದು ನಗುವ ಮುಖ. ಉತ್ತರ ಕೊಟ್ಟರೆ ವಿಡಿಯೋ ಇನ್ನಷ್ಟು ಓಡುತ್ತದೆ ಎಂದು ಯಾರೋ ಹೇಳಿದ್ದರು. ಓಡಿತು. ಮೂರನೆಯ ದಿನಕ್ಕೆ ನನ್ನ ಹಳೆಯ ವಿಡಿಯೋಗಳೆಲ್ಲ ಸೇರಿ ಕಂಡದ್ದಕ್ಕಿಂತ ಹೆಚ್ಚು ಮಂದಿ ಇದೊಂದನ್ನೇ ಕಂಡಿದ್ದರು. ಕಾಲೇಜಿನ ಕಟ್ಟೆಯ ಮೇಲೆ ಕೂತು ಟಿವಿ ಸುದ್ದಿಯವರ ದನಿಯಲ್ಲಿ ನನ್ನ ಕೀರ್ತಿಯನ್ನು ನಾನೇ ಬಿತ್ತರಿಸಿಕೊಂಡೆ.

ಆಮೇಲೆ ಚಂದ್ರಶೇಖರರು ಬಂದರು.

ಮೊದಲು ಒಬ್ಬ, ‘ನನ್ನ ಹೆಸರೂ ಅದೇ’ ಎಂದ. ತಮಾಷೆ ಅನಿಸಿತು. ಆಮೇಲೆ ಹತ್ತು, ಆಮೇಲೆ ಎಣಿಕೆಗೆ ಸಿಗದಷ್ಟು. ನಾನಿದ್ದೇನೆ, ನಂಬರು ಕೊಡು, ಗಣಿತ ಬಿಡು ಬೇರೆ ಕಲಿಸುತ್ತೇನೆ. ಅದಕ್ಕಿಂತ ಕೆಳಗಿನದನ್ನು ನಾನಿಲ್ಲಿ ಬರೆಯುವುದಿಲ್ಲ. ಹದಿನೈದು ವರ್ಷದ ಹುಡುಗಿ, ಮೈಮೇಲೆ ಸಾಲಿಯ ಅಂಗಿ, ಸುತ್ತ ಅಜ್ಜಿ, ಚಿಗವ್ವಂದಿರು. ಇದನ್ನು ನೋಡಿ ಆ ಮಾತು ಬರೆಯುವವರ ಮನೆಯಲ್ಲಿ ತಂಗಿಯರಿಲ್ಲವೇ ಎಂದು ಕೇಳುವುದು ವಾಡಿಕೆ. ಇರುತ್ತಾರೆ. ಅದೇ ನನ್ನ ಸಿಟ್ಟು. ಕೆಲವರ ಪುಟದಲ್ಲಿ ತಂಗಿಯ ಜೊತೆ ರಾಖಿ ಕಟ್ಟಿಸಿಕೊಂಡ ಫೋಟೋಗಳೇ ಇದ್ದವು. ಆಯಿಯ ನಿಯಮ ಊರಿನ ಅಳತೆಗೆ ಹೊಲಿದದ್ದು. ಊರಿನಲ್ಲಿ ಇಲ್ಲದ ಹೆಸರು ಎಲ್ಲೂ ಇಲ್ಲದ ಹೆಸರು ಎಂಬ ನಂಬಿಕೆ ಅದರದು. ಅದನ್ನು ಅಳತೆಯೇ ಇಲ್ಲದ ಜಾಗಕ್ಕೆ ಎಳೆದುಕೊಂಡು ಹೋದವನು ನಾನು.

ಕೆಲವು ಪುಟಗಳು ವಿಡಿಯೋವನ್ನು ಎತ್ತಿಕೊಂಡವು. ಒಂದು ಪುಟದವರು ಹೆಂಗಸರ ನಗುವನ್ನೆಲ್ಲ ಕತ್ತರಿಸಿ, ಹಿಂದೆ ಅಳುವಂಥ ಸಂಗೀತ ಹಾಕಿ, ‘ಓದುವ ವಯಸ್ಸಿನಲ್ಲಿ ಗಂಡನ ಹೆಸರು ಹೇಳುವ ಕಂದ’ ಎಂದು ಬರೆದರು. ಭಾಗ್ಯಾಳ ಮದುವೆಯನ್ನು ಹೀಗೆ ಅವರೇ ಮಾಡಿ ಮುಗಿಸಿದರು. ಇನ್ನೊಂದು ಪುಟದ ತಲೆಬರಹ ಬರೆಯಲು ನನಗೆ ನಾಚಿಕೆ. ಎರಡನ್ನೂ ಕಂಪನಿಗೆ ದೂರು ಕೊಟ್ಟೆ. ದೂರು ಕೊಡುವ ಗುಂಡಿ ಎಲ್ಲಿದೆ ಎಂದು ಹುಡುಕಲು ನನ್ನಂಥ ಪಳಗಿದವನಿಗೇ ಬೇಕಾದಷ್ಟು ಹೊತ್ತು ಹಿಡಿಯಿತು. ವಿಡಿಯೋ ಹಾಕುವ ಗುಂಡಿ ಮಾತ್ರ ಪರದೆಯ ನಟ್ಟನಡುವೆ. ಮರುದಿನ ಉತ್ತರ ಬಂತು: ಪರಿಶೀಲಿಸಿದ್ದೇವೆ, ನಮ್ಮ ನಿಯಮಗಳ ಉಲ್ಲಂಘನೆ ಕಂಡುಬಂದಿಲ್ಲ, ನಿಮ್ಮ ಅನುಭವ ನಮಗೆ ಮುಖ್ಯ. ಯಾರು ಪರಿಶೀಲಿಸಿದರು? ಕನ್ನಡ ಬಲ್ಲ ಒಬ್ಬ ಮನುಷ್ಯನಾದರೂ ಅದನ್ನು ಕಣ್ಣಿಟ್ಟು ಓದಿದ್ದರೆ ಹಾಗೆ ಬರೆಯುತ್ತಿರಲಿಲ್ಲ. ಹಿಂದೊಮ್ಮೆ ನಾನು ಹಳೆಯದೊಂದು ಹಾಡನ್ನು ನನ್ನ ಕರ್ಕಶ ದನಿಯಲ್ಲಿ ಹಾಡಿ ಹಾಕಿದಾಗ ಇದೇ ಕಂಪನಿ ಎರಡು ನಿಮಿಷದಲ್ಲಿ ಅದನ್ನು ಕಿತ್ತುಹಾಕಿತ್ತು. ಹಾಡಿಗೆ ಒಡೆಯನಿದ್ದ. ಹುಡುಗಿಗೆ ಯಾರೂ ಇಲ್ಲ ಎಂದುಕೊಂಡರೇನೋ.

ಜನವರಿಯ ಮೊದಲ ವಾರ ಹೂಲಿಗೆ ಒಂದು ಜೀಪು ಬಂತು. ಮಕ್ಕಳ ಮದುವೆ ತಡೆಯುವ ಕೆಲಸದ ಇಬ್ಬರು ಹೆಂಗಸರು. ಅಳುವ ಸಂಗೀತದ ವಿಡಿಯೋ ನೋಡಿ ಯಾರೋ ದೂರು ಕೊಟ್ಟಿದ್ದರು. ಬಂದವರು ಒಳ್ಳೆಯವರು, ಅವರ ಮೇಲೆ ನನಗೆ ಸಿಟ್ಟಿಲ್ಲ. ಗಂಡ ಚಂದ್ರಶೇಖರ ಎಲ್ಲಿ ಎಂದು ಅವರು ಆಯಿಯನ್ನು ಕೇಳಿದರಂತೆ. ಆಯಿ ಅವರಿಗೆ ಚಹಾ ಕೊಟ್ಟು, ಅಂಥವನು ಯಾರೂ ಇಲ್ಲ, ಬೇಕಾದರೆ ನೀವೇ ಹುಡುಕಿ ತನ್ನಿ, ಗಣಿತ ಬರುತ್ತದೋ ಇಲ್ಲವೋ ಮೊದಲು ನೋಡುತ್ತೇನೆ ಎಂದಳಂತೆ. ಒಡಪು ಎಂದರೇನು ಎಂದು ಅವರಿಗೂ ಗೊತ್ತಿತ್ತು. ಒಬ್ಬಾಕೆ ತನ್ನ ಗಂಡನ ಹೆಸರಿನ ಒಡಪು ಹೇಳಿಯೇ ಎದ್ದಳು. ಆದರೆ ಜೀಪು ಬಂದದ್ದು ಓಣಿ ಪೂರ್ತಿ ಕಂಡಿತು, ಒಡಪು ಕೇಳಿಸಿದ್ದು ಪಡಸಾಲೆಗೆ ಮಾತ್ರ. ‘ಶಿವಪ್ಪನ ಮಗಳದ್ದು ಏನೋ ಐತಂತ’ ಎಂಬುದು ಸಂಜೆಯೊಳಗೆ ಕೆರೆಯ ದಂಡೆಗೆ ಹೋಗಿ ತಿರುಗಿ ಬಂತು.

ಅದಾದ ವಾರಕ್ಕೆ ಸವದತ್ತಿ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಬಂದು ನಿಂತ. ಮೂವತ್ತು ದಾಟಿದವನು, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಪೇಢೆಯ ಡಬ್ಬಿ. ಬೆಳಗಿನ ಎಂಟರ ಸುಮಾರು, ಹೂಲಿ ಬಸ್ಸು ಬಂದು ನಿಲ್ಲುವ ಹೊತ್ತು. ಭಾಗ್ಯಾ ಇಳಿಯುತ್ತಲೇ ಅವಳನ್ನು ಹೆಸರು ಹಿಡಿದು ಕರೆದ. ತಾನೇ ಚಂದ್ರಶೇಖರ ಎಂದ. ಯಾವ ಊರು, ಯಾವ ಸಾಲಿ, ಯಾವ ಬಸ್ಸು, ಎಲ್ಲ ಅವನ ಬಾಯಲ್ಲಿತ್ತು. ಅಷ್ಟನ್ನೂ ಅವನಿಗೆ ಕಲಿಸಿದ ಮಾಸ್ತರ ನಾನು.

ಭಾಗ್ಯಾ ಕೂಗಲಿಲ್ಲ, ಓಡಲಿಲ್ಲ. ನೇರ ಬಸ್‌ಸ್ಟ್ಯಾಂಡಿನ ಕಂಟ್ರೋಲರ್ ಕೋಣೆಗೆ ಹೋಗಿ ಬೆಂಚಿನ ಮೇಲೆ ಕೂತಳು. ಕಂಟ್ರೋಲರ್ ನದಾಫ ಸಾಹೇಬರು ಬಸ್ಸುಗಳ ಹೆಸರು ಕೂಗುವ ಮೈಕು ಹಿಡಿದು ಕೂತಿದ್ದರು. ವಿಷಯ ಕೇಳಿದವರೇ ಮೈಕಿನಲ್ಲಿ, ಹೂಲಿ ಬಸ್ಸಿನ ಹತ್ತಿರ ಪೇಢೆ ಡಬ್ಬಿ ಹಿಡಿದು ನಿಂತವರು ಕೂಡಲೇ ಕಂಟ್ರೋಲರ್ ಕೋಣೆಗೆ ಬರಬೇಕು, ಪೊಲೀಸರು ಕಾಯುತ್ತಿದ್ದಾರೆ ಎಂದು ಧಾರವಾಡ ಗಾಡಿ ಕೂಗಿದಷ್ಟೇ ನಿಧಾನವಾಗಿ ಕೂಗಿದರು. ಪೊಲೀಸರು ಇರಲಿಲ್ಲ. ಅವನೂ ಇರಲಿಲ್ಲ, ಡಬ್ಬಿಯಷ್ಟೇ ಉಳಿಯಿತು. ಆದರೆ ಅವನು ಓಡಿಹೋಗಿ ಹತ್ತಿದ ಬೈಕಿನ ನಂಬರನ್ನು ಸಾಹೇಬರು ಟ್ರಿಪ್ಪು ಬರೆಯುವ ಹಾಳೆಯ ಮೂಲೆಯಲ್ಲಿ ಗುರುತು ಹಾಕಿಕೊಂಡಿದ್ದರು.

ಇಷ್ಟೆಲ್ಲ ಧೈರ್ಯವಾಗಿ ಮಾಡಿ ಮನೆಗೆ ಬಂದು ಹೇಳಿದ ಹುಡುಗಿಗೆ ಸಿಕ್ಕ ಬಹುಮಾನ ಏನು ಗೊತ್ತೇ? ಮರುದಿನದಿಂದ ಸಾಲಿ ಬಂದ್.

ತೀರ್ಪು ಕೊಟ್ಟವನು ಬಸವಂತ ಮಾವ, ಚಿಗವ್ವನ ಅಣ್ಣ, ರಾಮದುರ್ಗದಲ್ಲಿ ಬೀಜ ಗೊಬ್ಬರದ ಅಂಗಡಿಯವನು. ಮಾತಿಗೆ ಮೊದಲು ಮೂರು ಸಲ ಗಂಟಲು ಸರಿಮಾಡುತ್ತಾನೆ. ಚಳಿಗೆ ಹಿಡಿದುಕೊಂಡ ಡೀಸೆಲ್ ಎಂಜಿನ್ನಿಗೆ ಹ್ಯಾಂಡಲ್ ಹೊಡೆದಂತೆ. ಮೂರನೆಯದಕ್ಕೆ ಎಂಜಿನ್ನು ಹತ್ತಿಕೊಂಡರೆ ಆಮೇಲೆ ನಿಲ್ಲುವುದಿಲ್ಲ. ಹುಡುಗಿ ಮನೆಯಲ್ಲಿ ಇರಲಿ, ಪರೀಕ್ಷೆ ಮುಂದಿನ ವರ್ಷ ಬರೆದರಾಯಿತು, ಈ ಸುದ್ದಿ ತಣ್ಣಗಾಗಲಿ ಎಂದ. ತಂತಿಯ ಸುತ್ತು ಎಣಿಸುವ ಕಾಕಾ ಈ ಮಾತನ್ನು ಎಣಿಸಿ ನೋಡದೆ ಒಪ್ಪಿದ. ನನಗೆ ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. “ನಿನ್ನ ಬಾಯಿ ಹಕ್ಕಿ ಓಡಸಾಕರ ಉಪಯೋಗ ಆಗಲಿ” ಎಂದಷ್ಟೇ ಹೇಳಿ ನನ್ನನ್ನು ಹೊಲಕ್ಕೆ ಕಳಿಸಿದ. ಭಾಗ್ಯಾಳನ್ನೂ ಕಳಿಸಿದ್ದರು.

ಹೀಗೆ ಆ ಜನವರಿಯ ನಡುವಿನಿಂದ ಫೆಬ್ರುವರಿ ಹಿಡಿಯುವವರೆಗೆ ನಾವಿಬ್ಬರೂ ಜೋಳದ ಹೊಲದ ನಡುವೆ ನಾಲ್ಕು ಕಂಬದ ಅಟ್ಟದ ಮೇಲೆ ಕಳೆದೆವು. ಬೆಳಗಿನ ಗಾಳಿ ಮೂಗು ಕೊಯ್ಯುತ್ತಿತ್ತು, ಹನ್ನೊಂದಕ್ಕೆಲ್ಲ ಬಿಸಿಲು ಬೆನ್ನು ಸುಡುತ್ತಿತ್ತು. ತೆನೆಗೆ ಹಾಲು ತುಂಬುತ್ತಿದ್ದಂತೆ ಗಿಳಿಗಳ ದಂಡು ಗುಡ್ಡದ ಕಡೆಯಿಂದ ಬರುತ್ತಿತ್ತು. ಅವಳು ಡಬ್ಬ ಬಡಿಯುತ್ತಿದ್ದಳು, ನಾನು ಪ್ರಿನ್ಸಿಪಾಲರ ದನಿಯಲ್ಲಿ ಗಿಳಿಗಳ ಹಾಜರಿ ಕರೆಯುತ್ತಿದ್ದೆ. ಕಂಡಕ್ಟರನ ದನಿಗೆ ಗಿಳಿಗಳು ಚೆನ್ನಾಗಿ ಹೆದರುತ್ತಿದ್ದವು. ಅವಳು ನಗುತ್ತಿರಲಿಲ್ಲ. ಮಡಿಲಲ್ಲಿ ಗಣಿತದ ಪುಸ್ತಕ, ಅದರ ಮೇಲೆ ಕಲ್ಲು, ಗಾಳಿಗೆ ಹಾಳೆ ಹಾರಬಾರದೆಂದು. ನಾನು ಮೊದಲ ನಾಲ್ಕು ದಿನ ತಪ್ಪಾಯಿತು ಎಂದು ಹೇಳಲು ಯಾರ ಯಾರ ದನಿಯನ್ನೋ ಹುಡುಕಿದೆ. ಐದನೆಯ ದಿನ ನನ್ನದೇ ದನಿಯಲ್ಲಿ ಹೇಳಿದೆ. ಅವಳು ಪುಸ್ತಕದಿಂದ ತಲೆ ಎತ್ತದೆ ಕೇಳಿದಳು.

“ಅಣ್ಣಾ, ನಾ ಬ್ಯಾಡ ಅಂದಿದ್ದೆನಲ?”

“ಅಂದಿದ್ದಿ.”

“ಹಂಗಾರ ಇನ್ನಮ್ಯಾಲೆ ಯಾರರ ಬ್ಯಾಡ ಅಂದ್ರ ಕೇಳಿಸಿಕೋ. ಈಗ ಈ ಲೆಕ್ಕಾ ಹೆಂಗ ಬಿಡಸೂದ ಹೇಳು.”

ನನಗೆ ಬರಲಿಲ್ಲ. ನಾನೂ ಚಂದ್ರಶೇಖರನ ಜಾತಿಯವನೇ.

ಗಣಿತ ಬಲ್ಲವರು ಸ್ಕೂಟಿ ಮೇಲೆ ಬಂದರು. ಅವಳ ಸಾಲಿಯ ಗಣಿತದ ಅಕ್ಕೋರು. ಸಂಜೆ ಸಾಲಿ ಬಿಟ್ಟ ಮೇಲೆ ವಾರಕ್ಕೆ ಎರಡು ಸಲ ಹೊಲಕ್ಕೇ ಬಂದು ಅಟ್ಟದ ನೆರಳಲ್ಲಿ ಕೂತು ಪಾಠ ಹೇಳುತ್ತಿದ್ದರು. ಹಾಜರಿ ಇನ್ನೂ ಕಡಿಮೆಯಾದರೆ ಪರೀಕ್ಷೆಗೆ ಬಿಡುವುದಿಲ್ಲ, ಇನ್ನೆರಡು ವಾರದಲ್ಲಿ ತಿರುಗಿ ಬರಲೇಬೇಕು ಎಂದು ಮೊದಲ ದಿನವೇ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, ಸಾಕ್ಷಿ ಏನಿಟ್ಟಿದ್ದೀ ತೋರಿಸು ಎಂದರು. ನಾನು ಹೆಮ್ಮೆಯಿಂದ, ವಿಡಿಯೋ ಅಳಿಸಿಬಿಟ್ಟೆ ಅಕ್ಕೋರೆ, ಪೂರ್ತಿ ಅಕೌಂಟೇ ತೆಗೆದುಬಿಟ್ಟೆ ಎಂದೆ. ಅಕ್ಕೋರು ನನ್ನನ್ನು ನೋಡಿದ ನೋಟವನ್ನು ನಕಲು ಮಾಡಲು ಇಂದಿಗೂ ನನ್ನಿಂದಾಗಿಲ್ಲ. ನಾನು ಅಳಿಸಿದ್ದು ಆ ಹೊಲಸು ಬರೆದವರ ಹೆಸರುಗಳನ್ನು, ಊರು, ಸಾಲಿ, ಬಸ್ಸು ಕೇಳಿ ಪೇಢೆಯವನು ಬರೆದಿರಬಹುದಾದ ಪ್ರಶ್ನೆಗಳನ್ನು. ಎತ್ತಿಕೊಂಡವರ ಹತ್ತಿರ ವಿಡಿಯೋ ಹಾಗೇ ಇತ್ತು. ಕಳ್ಳರನ್ನು ಬಿಟ್ಟು ಅವರ ಹೆಜ್ಜೆ ಗುರುತು ಗುಡಿಸಿ ಹಾಕಿದ ಶಾಣ್ಯಾ ನಾನು.

ಅಕ್ಕೋರು ನನಗೆ ಕೆಲಸ ಹಚ್ಚಿದರು. ಎಲ್ಲೆಲ್ಲಿ ಆ ವಿಡಿಯೋ ಇದೆಯೋ ಹುಡುಕು, ಪುಟದ ವಿಳಾಸ ಬರೆದಿಡು, ದಿನಾಂಕ ಕಾಣುವಂತೆ ಪರದೆಯ ಚಿತ್ರ ತೆಗೆ, ಆಮೇಲೆ ದೂರು ಕೊಡು, ಉತ್ತರ ಬಂದರೆ ಅದನ್ನೂ ಇಡು, ಮತ್ತೆ ದೂರು ಕೊಡು. ಹುಡುಗಿಗೆ ಹದಿನೆಂಟು ಆಗಿಲ್ಲ ಎಂಬುದನ್ನು ಮೊದಲ ಸಾಲಿನಲ್ಲೇ ಬರೆ ಎಂದರು. ಅಟ್ಟದ ಮೇಲೆ ಕೂತು ಅದನ್ನೇ ಮಾಡಿದೆ. ಒಂದು ಕೈಯಲ್ಲಿ ಗಿಳಿ, ಒಂದು ಕೈಯಲ್ಲಿ ಮೊಬೈಲು. ಗಿಳಿಗಳೇ ಮೇಲು. ಅವು ತಿಂದು ಹೋಗುತ್ತವೆ. ಈ ಪುಟಗಳು ತಿಂದದ್ದನ್ನೇ ಕಕ್ಕಿ, ಇನ್ನೊಂದು ಹೆಸರಿನಲ್ಲಿ ಮತ್ತೆ ತಿನ್ನುತ್ತವೆ.

ಪೊಲೀಸರಿಗೆ ಕೊಡುವ ದೂರನ್ನೂ ಅಕ್ಕೋರೇ ಬರೆದುಕೊಟ್ಟರು. ನದಾಫ ಸಾಹೇಬರ ಹಾಳೆಯಲ್ಲಿದ್ದ ಬೈಕಿನ ನಂಬರು ಅದರಲ್ಲಿ ಸೇರಿತು. ಬೇಕಾಗಿದ್ದದ್ದು ಕಾಕಾನ ಒಂದು ಸಹಿ. ಕಾಕಾ ಹಾಕಲಿಲ್ಲ. ಸ್ಟೇಶನ್ ಮೆಟ್ಟಿಲು ಹತ್ತಿದರೆ ಹುಡುಗಿಯ ಹೆಸರು ಇನ್ನಷ್ಟು ಕೆಡುತ್ತದೆ ಎಂದು ಬಸವಂತ ಮಾವ ಅವನ ತಲೆಯಲ್ಲಿ ತುಂಬಿದ್ದ. ಹೆಸರು ಕೆಡುವುದು ಅವಳದು. ಕೆಡಿಸಿದವರದು ಇಸ್ತ್ರಿ ಮಾಡಿದಂತೆ ಹಾಗೇ ಇರುತ್ತದೆ. ಇದು ಯಾವ ಊರಿನ ನ್ಯಾಯ ಎಂದು ನನಗೆ ಇಂದಿಗೂ ತಿಳಿದಿಲ್ಲ, ಆದರೆ ಎಲ್ಲ ಊರಿನಲ್ಲೂ ನಡೆಯುತ್ತದೆ.

ಹುಡುಕುತ್ತ ಹುಡುಕುತ್ತ ಒಂದು ದಿನ ಆ ವಿಡಿಯೋ ವಾಟ್ಸಾಪ್ ಗುಂಪುಗಳಲ್ಲೂ ಓಡಾಡಿದ್ದು ಕಂಡಿತು. ರಾಮದುರ್ಗದ ನನ್ನ ಗೆಳೆಯನೊಬ್ಬ, ಅಲ್ಲಿನ ಬೀಜ ಗೊಬ್ಬರ ವ್ಯಾಪಾರಿಗಳ ಗುಂಪಿನಲ್ಲಿ ಇದನ್ನು ನೋಡಿದ್ದೆ ಎಂದು ಪರದೆಯ ಚಿತ್ರ ಕಳಿಸಿದ. ಅಳುವ ಸಂಗೀತದ ವಿಡಿಯೋ. ಕೆಳಗೆ, ‘ಇಕಿ ನಮ್ಮ ಸೊಸಿ ನೋಡ್ರಿ’ ಎಂಬ ಸಾಲು, ಎರಡು ಕೈಮುಗಿದ ಚಿತ್ರ. ಕಳಿಸಿದವರ ಹೆಸರು ಬಸವಂತ ಮಾವನದು. ಜೀಪು ಬರುವುದಕ್ಕಿಂತ ನಾಲ್ಕು ದಿನ ಮೊದಲು.

ಅಟ್ಟದ ಮೇಲೆ ಅದನ್ನು ಭಾಗ್ಯಾಳಿಗೆ ತೋರಿಸಿದೆ. ಅವಳು ಹೆಸರು, ದಿನಾಂಕ ಎರಡನ್ನೂ ಬೆರಳಿಟ್ಟು ಓದಿದಳು. ಗಿಳಿಗಳು ಬಂದು ಇಳಿದವು, ಇಬ್ಬರೂ ಓಡಿಸಲಿಲ್ಲ. ಆಮೇಲೆ, “ಮಾವನ ನಕಲಿ ಮಾಡು” ಅಂದಳು. ಮೂರು ಸಲ ಗಂಟಲು ಸರಿಮಾಡಿದೆ. ಆ ಚಳಿಗಾಲದಲ್ಲಿ ಅವಳು ನಕ್ಕದ್ದು ಅದೇ ಮೊದಲು.

ಆ ಭಾನುವಾರ ಮಧ್ಯಾಹ್ನ ಬಸವಂತ ಮಾವ ಹೂಲಿಗೆ ಬಂದ. ಹೊಲದಿಂದ ಕೊನೆಯ ಸೀತನಿ ಸುಟ್ಟು ತಂದಿದ್ದೆವು. ಪಡಸಾಲೆಯಲ್ಲಿ ಕಾಕಾ, ಚಿಗವ್ವ, ಆಯಿ, ನಾನು. ಅಕ್ಕೋರೂ ಬಂದಿದ್ದರು, ದೂರಿನ ಹಾಳೆ ಹಿಡಿದುಕೊಂಡು. ಮರುದಿನ ಸೋಮವಾರ ಭಾಗ್ಯಾ ಸಾಲಿಗೆ ಬರದಿದ್ದರೆ ಈ ವರ್ಷದ ಪರೀಕ್ಷೆ ಕೈಬಿಟ್ಟಂತೆ ಎಂದು ಅವರು ಹೇಳಿ ಮುಗಿಸಿದ್ದರು. ಮಾವ ಸೀತನಿ ಬಾಯಿಗೆ ಹಾಕಿಕೊಂಡು, ಗಂಟಲಿನ ಹ್ಯಾಂಡಲ್ ಹೊಡೆದು, ಎಂಜಿನ್ನು ಶುರು ಮಾಡಿದ. ಇಷ್ಟೆಲ್ಲ ಆದ ಮೇಲೆ ಸಾಲಿಯ ಮಾತು ಯಾಕೆ ಎಂದ. ಊರ ಬಾಯಿಗೆ ಬಿದ್ದ ಹುಡುಗಿಯನ್ನು ನಾಳೆ ಯಾರು ಮಾಡಿಕೊಳ್ಳುತ್ತಾರೆ ಎಂದ. ತಾನು ಹೊರಗಿನವನಲ್ಲ, ತನ್ನ ಮಗನಿಗೆ ತಂದುಕೊಳ್ಳುತ್ತೇನೆ, ಈಗ ಮಾತು ಮುಗಿಸಿ ಇಡೋಣ, ವಯಸ್ಸಾದ ಮೇಲೆ ಅಕ್ಷತೆ ಹಾಕೋಣ, ಅಲ್ಲಿಯವರೆಗೆ ಮನೆಯಲ್ಲಿರಲಿ ಎಂದ. ಇಲ್ಲದ ಮದುವೆಯನ್ನು ಕೇಳಿಕೊಂಡು ಜೀಪು ಬಂದು ಹೋಗಿ ತಿಂಗಳಾಗಿತ್ತು. ಈಗ ಇರುವ ಮದುವೆಯನ್ನೇ ಪಡಸಾಲೆಗೆ ತಂದು ಇಟ್ಟ, ಅದೂ ಉಪಕಾರ ಮಾಡುವವನ ಮುಖದಲ್ಲಿ.

“ಹೆಣ್ಣಹುಡುಗಿ ಮಾನ ಅಂದ್ರ ಹುಡಗಾಟ ಅಲ್ಲ. ಮನ್ಯಾಗ ಕುಂಡ್ರಲಿ” ಎಂದು ಮಾವ ಮುಗಿಸಿದ.

ಆಯಿ ಬಾಯಿ ತೆರೆಯುವವಳಿದ್ದಳು. ಆದರೆ ಭಾಗ್ಯಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ಕೈತುಂಬ ಸೀತನಿಯ ಮಸಿ. ಅಲ್ಲೇ ನಿಂತು ಉತ್ತರ ಕೊಟ್ಟಳು. ಆ ಉತ್ತರ ಕೊನೆಗಿರಲಿ, ಅದು ಏನು ಮಾಡಿತು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ.

ಕಾಕಾ ಎದ್ದು ಅಕ್ಕೋರ ಕೈಯಿಂದ ಹಾಳೆ ಇಸಿದುಕೊಂಡು, ಓದದೆ ಸಹಿ ಹಾಕಿದ. ಬಸವಂತ ಮಾವ ಅಂಗೈಯಲ್ಲಿದ್ದ ಸೀತನಿಯನ್ನು ಹಾಗೇ ತಟ್ಟೆಗೆ ಸುರಿದು ಚಪ್ಪಲಿ ಹುಡುಕಿದ. ಮೂರು ಸಲ ಗಂಟಲು ಸರಿಮಾಡಿದ, ಎಂಜಿನ್ನು ಹತ್ತಲಿಲ್ಲ. ಸೋಮವಾರ ಭಾಗ್ಯಾ ಏಳೂವರೆ ಬಸ್ಸು ಹತ್ತಿದಳು, ಒಬ್ಬಳೇ. ಬೈಕಿನ ನಂಬರು ಪೇಢೆಯವನ ಮನೆಯನ್ನು ತೋರಿಸಿತು. ಅವನ ಹೆಸರು ಚಂದ್ರಶೇಖರನೂ ಆಗಿರಲಿಲ್ಲ. ಅವನನ್ನು ಸ್ಟೇಶನ್ನಿಗೆ ಕರೆಸಿ ಕೇಸು ಹಾಕಿದರು, ಅದಿನ್ನೂ ನಡೆದಿದೆ. ಪೊಲೀಸರ ಕಾಗದ ಹೋದ ಮೇಲೆ ಕಂಪನಿಗೆ ಅದೇ ವಿಡಿಯೋದಲ್ಲಿ ಉಲ್ಲಂಘನೆ ಕಂಡುಬಂತು. ಅಷ್ಟು ದಿನ ಅವರ ಕಣ್ಣು ಎಲ್ಲಿ ಹೋಗಿತ್ತು ಎಂದು ಕೇಳಲು ನನ್ನ ಹತ್ತಿರ ಅವರ ಮುಖವಿಲ್ಲ. ವರ್ಷಕ್ಕೆ ಒಂದೆರಡು ಸಲ ಆ ವಿಡಿಯೋ ಇನ್ನೂ ಎಲ್ಲಾದರೂ ತಲೆ ಎತ್ತುತ್ತದೆ, ನಾನು ಇನ್ನೂ ದೂರು ಬರೆಯುತ್ತೇನೆ. ಮಾರ್ಚಿನಲ್ಲಿ, ಜೋಳ ಕೊಯ್ದು ಅಟ್ಟ ಕಿತ್ತ ವಾರ, ಅವಳು ಪರೀಕ್ಷೆ ಬರೆದಳು. ಗಣಿತದಲ್ಲಿ ಅರವತ್ತೆಂಟು. ಈಗ ಬೈಲಹೊಂಗಲದಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಓದುತ್ತಾಳೆ. ಮೊನ್ನೆ ಹೊಲದಲ್ಲಿ ಸೀತನಿ ತಿಕ್ಕುತ್ತ, ಅಪ್ಪನಿಗೆ ತಂತಿಯ ಸುತ್ತು ಎಣಿಸುವ ಯಂತ್ರ ಕಟ್ಟಿಕೊಡುತ್ತೇನೆ ಎನ್ನುತ್ತಿದ್ದಳು. ಕಾಕಾ ಹೌಹಾರಿದ್ದಾನೆ.

ಅವಳ ಆ ಉತ್ತರವನ್ನು ಅವಳದೇ ದನಿಯಲ್ಲಿ ಹೇಳಲು ನಾನು ಎಷ್ಟೋ ಸಲ ಪ್ರಯತ್ನಿಸಿದ್ದೇನೆ. ಕನ್ನಡಿಯ ಮುಂದೆ, ಬಚ್ಚಲಲ್ಲಿ, ಖಾಲಿ ಬಸ್ಸಿನಲ್ಲಿ. ಬರುವುದಿಲ್ಲ. ದನಿ ಏರಲಿಲ್ಲ, ಇಳಿಯಲಿಲ್ಲ. ಲೆಕ್ಕ ಬಿಡಿಸುವಾಗ ಒಂದೊಂದೇ ಮೆಟ್ಟಿಲು ಬರೆಯುತ್ತಾರಲ್ಲ, ಹಾಗೆ ಹೇಳಿದಳು. ಒಂದು ಅಕ್ಷರ ಹೆಚ್ಚು ಕಡಿಮೆ ಮಾಡದೆ ಅವಳ ಮಾತನ್ನಷ್ಟೇ ಇಲ್ಲಿಡುತ್ತೇನೆ:

“ವಿಡಿಯೋ ಹಾಕಿದಾಂವ ನಮ್ಮ ಈರಣ್ಣ. ಹೊಲಸ ಬರದವರು ಗಂಡಸರು. ಬಸ್‌ಸ್ಟ್ಯಾಂಡಿಗೆ ಬಂದಾಂವನೂ ಗಂಡಸ. ‘ಇಕಿ ನಮ್ಮ ಸೊಸಿ ನೋಡ್ರಿ’ ಅಂತ ನಿಮ್ಮ ಗ್ರೂಪಿಗೆ ಕಳಿಸಿದವರು ನೀವ. ಇಷ್ಟೂ ಮಂದಿ ಆರಾಮ ಅಡ್ಡ್ಯಾಡಕೊಂಡ ಅದೀರಿ. ಮನ್ಯಾಗ ಕುಂಡ್ರಾಕ ನಾ ಒಬ್ಬಾಕಿನ ಸಿಕ್ಕೆನೇನ್ರಿ, ಮಾವಾ?”